ಹಳೇ ಬಂದರಿನಲ್ಲಿ ಮೂರು ಗಂಟೆ ಕಾಲ್ನಡಿಗೆ: ಏನು ನೋಡೋದು, ಯಾಕೆ ನೋಡೋದು, ಅಂಗಡಿಯವರಿಗೆ ಇದರಿಂದ ಏನು?

ಪುತ್ತೂರು, ಬಂಟ್ವಾಳ, ಬೆಳ್ತಂಗಡಿ, ಸುಳ್ಯ ಕಡೆಯ ವ್ಯಾಪಾರಿಗಳಿಗೆ ಮಂಗಳೂರಿನ ಬಂದರು ಹೊಸ ಜಾಗ ಅಲ್ಲ. ಮೆಣಸು, ಜೀರಿಗೆ, ಬೆಲ್ಲ, ಒಣಮೀನು, ಹಗ್ಗ, ಟಾರ್ಪಾಲು... ಅಪ್ಪ, ಅಜ್ಜನ ಕಾಲದಿಂದಲೂ ಸಾಮಾನು ಬರೋದು ಅಲ್ಲಿಂದಲೇ. ಬೆಳಿಗ್ಗೆ ಬಸ್ಸು ಹಿಡಿದು ಸ್ಟೇಟ್‌ಬ್ಯಾಂಕ್‌ನಲ್ಲಿ ಇಳಿದು, ಮಂಡಿಯಲ್ಲಿ ಲೆಕ್ಕ ಮುಗಿಸಿ, ಮಧ್ಯಾಹ್ನದ ಊಟಕ್ಕೆ ಮನೆ ಸೇರಿದವರು ನಮ್ಮಲ್ಲಿ ಎಷ್ಟೋ ಜನ. ಆದರೆ ಅದೇ ಗಲ್ಲಿಗಳನ್ನು ತಲೆ ಎತ್ತಿ ನೋಡಿದವರು ಕಡಿಮೆ.

ಈಚೆಗೆ ಅದೇ ಗಲ್ಲಿಗಳಲ್ಲಿ ಹತ್ತು ಹದಿನೈದು ಜನರ ಗುಂಪು, ಮುಂದೆ ಒಬ್ಬ ಗೈಡು, ಕೈಯಲ್ಲಿ ನೀರಿನ ಬಾಟಲಿ, ಹೀಗೆ ನಡೆದುಕೊಂಡು ಹೋಗುವುದು ಕಾಣಸಿಗುತ್ತದೆ. ‘ಹೆರಿಟೇಜ್ ವಾಕ್’ ಅಂತ ಅದರ ಹೆಸರು. ಕನ್ನಡದಲ್ಲಿ ಪರಂಪರೆ ನಡಿಗೆ ಅನ್ನಬಹುದು. "ಈ ಹಳೇ ಗೋದಾಮು ನೋಡ್ಲಿಕ್ಕೆ ಎಂತ ಉಂಟು ಮಾರಾಯ್ರೆ?" ಎಂದು ಕೇಳುವವರೂ ಇದ್ದಾರೆ. ಅವರಿಗೂ, ಒಮ್ಮೆ ಹೋಗಿ ನೋಡೋಣ ಅನ್ನುವವರಿಗೂ ಈ ಬರಹ.

ಮೊದಲು, ಬಂದರು ಅಲ್ಲೇ ಯಾಕೆ ಬಂತು?

ಮಂಗಳೂರಿನ ಎರಡು ಬದಿಯಲ್ಲಿ ಎರಡು ನದಿಗಳು. ತೆಂಕಣದಲ್ಲಿ ನೇತ್ರಾವತಿ, ಬಡಗಣದಿಂದ ಇಳಿದು ಬರುವ ಗುರುಪುರ ನದಿ ಅಥವಾ ಫಲ್ಗುಣಿ. ಎರಡೂ ಸೇರಿ ಸಮುದ್ರಕ್ಕೆ ಬೀಳುವ ಜಾಗವೇ ಅಳಿವೆಬಾಗಿಲು. ನದಿ ಮತ್ತು ಕಡಲಿನ ನಡುವೆ ಉದ್ದಕ್ಕೆ ಚಾಚಿಕೊಂಡ ಮರಳಿನ ನಾಲಗೆ ಬೆಂಗ್ರೆ. ಕಡಲಿನ ತೆರೆಯ ಹೊಡೆತವನ್ನು ಬೆಂಗ್ರೆ ತಡೆಯುತ್ತದೆ, ಒಳಗಿನ ನೀರು ಶಾಂತವಾಗಿರುತ್ತದೆ. ಹಾಯಿ ಹಡಗಿನ ಕಾಲದವರಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಿರಲಿಲ್ಲ.

ಇನ್ನೊಂದು ಕಾರಣ ನಮ್ಮ ತಾಲೂಕುಗಳಿಗೆ ಸಂಬಂಧಿಸಿದ್ದು. ಘಟ್ಟದ ಮೇಲಿನ ಸರಕು ಎತ್ತಿನ ಮೇಲೆ, ಗಾಡಿಯ ಮೇಲೆ ಘಟ್ಟ ಇಳಿದು ಬಂಟ್ವಾಳಕ್ಕೆ ಬರುತ್ತಿತ್ತು. ಅಲ್ಲಿಂದ ದೋಣಿಗೆ ತುಂಬಿಸಿ ನೇತ್ರಾವತಿಯಲ್ಲಿ ತೇಲಿಸಿಕೊಂಡು ಬಂದರಿಗೆ. ಮೈಸೂರು ಸೀಮೆಯ ಕಾಫಿಯೂ ಹೀಗೇ ಇಳಿದು ಹೋಗಿದೆ. ಬಂಟ್ವಾಳ, ಪಾಣೆಮಂಗಳೂರಿನ ಹಳೇ ಪೇಟೆಗಳು ನದಿಗೆ ಅಂಟಿಕೊಂಡು ಬೆಳೆದದ್ದು ಇದೇ ಕಾರಣಕ್ಕೆ. ಅಂದರೆ ಬಂದರಿನ ಕತೆ ಮಂಗಳೂರಿನವರದ್ದು ಮಾತ್ರ ಅಲ್ಲ, ನಮ್ಮದೂ ಹೌದು.

ಎಷ್ಟು ಹಳೆಯದು?

12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ ಮಂಗಳೂರಿನಲ್ಲಿ ಇದ್ದ. ಮೂಲ ಊರು ಈಗಿನ ಟ್ಯುನೀಷಿಯಾ. 1132ರ ಹೊತ್ತಿಗೆ ಇಲ್ಲಿಗೆ ಬಂದವನು ಸುಮಾರು 17 ವರ್ಷ ಇಲ್ಲೇ ವ್ಯಾಪಾರ ಮಾಡಿದ. ಹಳೆಯ ತಾಮ್ರ, ಕಂಚಿನ ಪಾತ್ರೆಗಳನ್ನು ಕರಗಿಸಿ ಹೊಸದು ಮಾಡಿಸುವ ಕಾರ್ಖಾನೆಯೂ ಅವನದಿತ್ತು. ಏಡನ್‌ನ ಪಾಲುದಾರರಿಗೆ ಇಲ್ಲಿಂದ ಮೆಣಸು, ಕಬ್ಬಿಣ, ಅಡಿಕೆ ಕಳಿಸುತ್ತಿದ್ದ. ಹೌದು, ಅಡಿಕೆಯೇ! ಈಗ ನಮ್ಮ ತೋಟದವರು ದಿನಾ ಧಾರಣೆ ನೋಡುವ ಅದೇ ಅಡಿಕೆ ಸುಮಾರು 900 ವರ್ಷ ಹಿಂದೆಯೇ ಕಡಲು ದಾಟಿತ್ತು.

ಇದೆಲ್ಲ ಗೊತ್ತಾದದ್ದು ಹೇಗೆ? ಅವನಿಗೆ ಬಂದ ಪತ್ರಗಳು, ಲೆಕ್ಕದ ಚೀಟಿಗಳು ಈಜಿಪ್ಟಿನ ಕೈರೋದ ಒಂದು ಹಳೇ ಯೆಹೂದಿ ಪ್ರಾರ್ಥನಾ ಮಂದಿರದ ಉಗ್ರಾಣದಲ್ಲಿ ಉಳಿದುಕೊಂಡಿದ್ದವು. ಅವನ ಪರವಾಗಿ ಏಡನ್‌ಗೆ ಹೋಗಿ ವ್ಯವಹಾರ ಮಾಡುತ್ತಿದ್ದ ‘ಬೊಮ್ಮ’ ಎಂಬ ಸೇವಕನ ಹೆಸರೂ ಅದರಲ್ಲಿದೆ. ಈ ಬೊಮ್ಮನ ಜಾಡು ಹಿಡಿದು ಬರಹಗಾರ ಅಮಿತಾವ್ ಘೋಷ್ ಮಂಗಳೂರಿಗೂ ಬಂದಿದ್ದರು. 1992ರಲ್ಲಿ ಪ್ರಕಟವಾದ ಅವರ ‘ಇನ್ ಆ್ಯನ್ ಆ್ಯಂಟೀಕ್ ಲ್ಯಾಂಡ್’ ಪುಸ್ತಕದಲ್ಲಿ ಆ ಕತೆ ಇದೆ. ಒಂದು ಮಾತು ಗಮನಿಸಿ: ಇಷ್ಟು ದೊಡ್ಡ ಚರಿತ್ರೆ ಉಳಿದದ್ದು ಶಾಸನದಿಂದ ಅಲ್ಲ, ವ್ಯಾಪಾರಿಯ ಲೆಕ್ಕದ ಚೀಟಿಗಳಿಂದ.

ಅದಾಗಿ ಇನ್ನೂರು ವರ್ಷದ ಮೇಲೆ, 1342ರ ಸುಮಾರಿಗೆ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಇಲ್ಲಿಗೆ ಬಂದ. ಊರನ್ನು ‘ಮಂಜರೂರ್’ ಎಂದು ಕರೆದ. ಪರ್ಷಿಯಾ, ಯೆಮೆನ್ ಕಡೆಯ ವ್ಯಾಪಾರಿಗಳು ಇಲ್ಲಿ ಇಳಿಯುತ್ತಾರೆ, ಮೆಣಸು ಮತ್ತು ಶುಂಠಿ ಹೇರಳ ಎಂದು ಬರೆದ. ಹೊರಗಿನಿಂದ ಬಂದವರಿಗೂ ಊರಿನವರಿಗೂ ಜಗಳ ಆಗುವುದುಂಟು, ಆದರೆ ವ್ಯಾಪಾರಿಗಳು ಬೇಕು ಅನ್ನುವ ಕಾರಣಕ್ಕೆ ಅರಸನೇ ರಾಜಿ ಮಾಡಿಸುತ್ತಾನೆ ಎಂದೂ ಬರೆದಿದ್ದಾನೆ. ವ್ಯಾಪಾರ ನಡೆಯಬೇಕಾದರೆ ಊರು ಶಾಂತಿಯಿಂದ ಇರಬೇಕು ಅನ್ನುವುದು ಆಗಿನ ಅರಸನಿಗೂ ತಿಳಿದಿತ್ತು.

ತುಳುವಿನಲ್ಲಿ ಕುಡ್ಲ, ಬ್ಯಾರಿ ಭಾಷೆಯಲ್ಲಿ ಮೈಕಾಲ, ಕೊಂಕಣಿಯಲ್ಲಿ ಕೊಡಿಯಾಲ್, ಕನ್ನಡದಲ್ಲಿ ಮಂಗಳೂರು. ಒಂದೇ ಊರಿಗೆ ಇಷ್ಟು ಹೆಸರು ಇರುವುದೂ ಬಂದರಿನ ಕೊಡುಗೆಯೇ.

ನಡಿಗೆ ಹೇಗೆ ಸಾಗುತ್ತದೆ?

ಒಂದೊಂದು ಗುಂಪು ಒಂದೊಂದು ದಾರಿ ಹಿಡಿಯುತ್ತದೆ. ನಾವು ಇಲ್ಲಿ ಕೊಡುವುದು ಬಸ್ಸಿನಲ್ಲಿ ಬರುವ ತಾಲೂಕಿನವರಿಗೆ ಅನುಕೂಲ ಆಗುವಂಥ ದಾರಿ. ಸ್ಟೇಟ್‌ಬ್ಯಾಂಕ್‌ನಲ್ಲಿ ಇಳಿದರೆ ಸಾಕು, ಮತ್ತೆ ಆಟೋ ಬೇಡ.

1. ದಕ್ಕೆ. ಮೊದಲು ಮೀನುಗಾರಿಕಾ ಬಂದರು, ಅಂದರೆ ನಮ್ಮ ದಕ್ಕೆ. ಇಲ್ಲಿಗೆ ಬೇಗ ಹೋದಷ್ಟೂ ಒಳ್ಳೇದು. ಏಳು ಗಂಟೆಯೊಳಗೆ ಹೋದರೆ ಏಲಂ ಜೋರಾಗಿರುತ್ತದೆ. ಟ್ರಾಲ್ ಬೋಟು, ಪರ್ಸಿನ್ ಬೋಟುಗಳಿಂದ ಬುಟ್ಟಿ ಇಳಿಯುತ್ತಾ ಇರುತ್ತದೆ. ಬಂಗುಡೆ, ಬೂತಾಯಿ, ಅಂಜಲ್, ಮಾಂಜಿ, ಎಟ್ಟಿ ಎಲ್ಲ ರಾಶಿ ರಾಶಿ. ಒಳ್ಳೆಯ ಗೈಡು ಇಲ್ಲಿ ಮೀನಿನ ಹೆಸರು ಮಾತ್ರ ಹೇಳಿ ಮುಗಿಸುವುದಿಲ್ಲ. ಬೋಟಿನವರಿಗೆ ಡೀಸೆಲ್ ಎಷ್ಟು ಬೇಕು, ಐಸ್ ಪುಡಿ ಎಲ್ಲಿಂದ ಬರುತ್ತದೆ, ಮೀನು ಕಡಿಮೆ ಸಿಕ್ಕಿದ ದಿನ ನಷ್ಟ ಯಾರ ತಲೆ ಮೇಲೆ ಬೀಳುತ್ತದೆ, ತಲೆಹೊರೆಯಲ್ಲಿ ಮೀನು ಮಾರುವ ಹೆಂಗಸರು ಏಲಂನಲ್ಲಿ ಹೇಗೆ ಪಾಲು ಹಾಕಿಕೊಂಡು ಕೊಳ್ಳುತ್ತಾರೆ ಎಂಬುದನ್ನೆಲ್ಲ ಬಿಡಿಸಿ ಹೇಳುತ್ತಾನೆ. ನಮ್ಮೂರಿನ ಸಂತೆಯಲ್ಲಿ ಬಂಗುಡೆಯ ರೇಟು ಯಾಕೆ ಏರುತ್ತದೆ, ಇಳಿಯುತ್ತದೆ ಎನ್ನುವುದು ಇಲ್ಲಿ ಅರ್ಧ ಗಂಟೆ ನಿಂತರೆ ಅರ್ಥ ಆಗುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ 61 ದಿನ ನಿಷೇಧ ಇರುತ್ತದೆ. ಮೀನು ಮರಿ ಹಾಕುವ ಕಾಲ, ಕಡಲೂ ಅಬ್ಬರದಲ್ಲಿರುತ್ತದೆ. ಆಗ ಹೋದರೆ ಏಲಂ ಇಲ್ಲ, ಆದರೆ ಬೋಟುಗಳೆಲ್ಲ ಒತ್ತೊತ್ತಾಗಿ ಕಟ್ಟಿ ನಿಲ್ಲಿಸಿದ್ದು, ಬಲೆ ಹೆಣೆಯುವುದು, ರಿಪೇರಿ ಮಾಡುವುದು ಕಾಣುತ್ತದೆ. ಅದನ್ನೂ ನೋಡಬೇಕು.

2. ಹಳೇ ಬಂದರಿನ ಧಕ್ಕೆ ಮತ್ತು ಲಕ್ಷದ್ವೀಪದ ಮಂಜಿ. ಪಣಂಬೂರಿನ ದೊಡ್ಡ ಬಂದರು ಬಂದ ಮೇಲೆ ಹಳೇ ಬಂದರು ಮುಚ್ಚಿಹೋಯಿತು ಅಂತ ಎಷ್ಟೋ ಜನ ತಿಳಿದುಕೊಂಡಿದ್ದಾರೆ. ಹಾಗೇನಿಲ್ಲ. ಲಕ್ಷದ್ವೀಪಕ್ಕೆ ಈಗಲೂ ಇಲ್ಲಿಂದ ಸರಕು ಹೋಗುತ್ತದೆ. ಅಕ್ಕಿ, ತರಕಾರಿ, ದಿನಸಿ, ಸಿಮೆಂಟು, ಕಬ್ಬಿಣ, ಜಲ್ಲಿ, ಎಲ್ಲವೂ ‘ಮಂಜಿ’ ಎಂದು ಕರೆಯುವ ಸರಕು ಹಡಗುಗಳಲ್ಲಿ. ದ್ವೀಪದಲ್ಲಿ ಒಂದು ಮನೆ ಕಟ್ಟಬೇಕಾದರೂ ಜಲ್ಲಿ ಕಡಲು ದಾಟಿಯೇ ಹೋಗಬೇಕು. ಬರುವಾಗ ಕೊಬ್ಬರಿ, ಒಣಮೀನಿನಂಥ ಸಾಮಾನು ಬರುತ್ತದೆ.

ಮೇ ತಿಂಗಳ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಈ ಓಡಾಟ ನಿಲ್ಲುತ್ತದೆ. ಹಾಗಾಗಿ ಏಪ್ರಿಲ್ ತಿಂಗಳಿಂದಲೇ ಲೋಡಿಂಗ್ ಭರಾಟೆ. ಮಳೆಗಾಲ ಮುಗಿಯುವವರೆಗೆ ದ್ವೀಪದವರಿಗೆ ಬೇಕಾದ್ದೆಲ್ಲ ಮೊದಲೇ ತಲುಪಬೇಕಲ್ಲ!

3. ಮರಳಿನ ಕತೆ. ಧಕ್ಕೆಯ ಮೇಲೆ ನಿಂತು ಅಳಿವೆಬಾಗಿಲಿನ ಕಡೆ ನೋಡಿದರೆ ಬಂದರಿನ ದೊಡ್ಡ ತೊಂದರೆ ಏನೆಂದು ತಿಳಿಯುತ್ತದೆ. ನದಿ ತರುವ ಮಣ್ಣು, ಕಡಲು ತಳ್ಳುವ ಮರಳು ಬಾಗಿಲಲ್ಲೇ ನಿಲ್ಲುತ್ತದೆ, ಆಳ ಕಡಿಮೆ ಆಗುತ್ತದೆ. ಹಡಗುಗಳು ದೊಡ್ಡದಾಗುತ್ತಾ ಹೋದ ಹಾಗೆ ಒಳಗೆ ಬರಲಿಕ್ಕೆ ಆಗಲಿಲ್ಲ. ಸ್ಟೀಮರುಗಳು ದೂರದಲ್ಲೇ ಲಂಗರು ಹಾಕಿ, ದೋಣಿಗಳಲ್ಲಿ ಸರಕು ಹೋಗಿ ಬಂದು ಮಾಡಬೇಕಾಯಿತು. ಒಂದು ಮೂಟೆಯನ್ನು ಎರಡು ಸಲ ಹತ್ತಿಸಿ ಇಳಿಸಿದರೆ ಖರ್ಚು ಎಷ್ಟು ಏರುತ್ತದೆ ಅಂತ ಅಂಗಡಿಯವರಿಗೆ ಹೇಳಿಕೊಡಬೇಕಾಗಿಲ್ಲ. ಅದಕ್ಕೇ ಪಣಂಬೂರಿನಲ್ಲಿ ನವ ಮಂಗಳೂರು ಬಂದರು ಕಟ್ಟಿದ್ದು. 1974ರಲ್ಲಿ ಅದನ್ನು ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿಸಿದರು, 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಕುದುರೆಮುಖದ ಅದಿರು, ಕಚ್ಚಾ ತೈಲ, ಗೊಬ್ಬರ ಎಲ್ಲ ಅಲ್ಲಿಗೆ ಹೋಯಿತು. ಹಳೇ ಬಂದರಿಗೆ ಉಳಿದದ್ದು ಮೀನು, ಲಕ್ಷದ್ವೀಪ ಮತ್ತು ಹಿಂದಿನ ಗಲ್ಲಿಗಳ ಹೋಲ್‌ಸೇಲ್ ವ್ಯಾಪಾರ.

ಹೂಳಿನ ತೊಂದರೆ ಮಾತ್ರ ಇನ್ನೂ ಮುಗಿದಿಲ್ಲ. ಅಳಿವೆಬಾಗಿಲಿನಲ್ಲಿ ಹೂಳೆತ್ತಿ ಅಂತ ಮೀನುಗಾರರು ಕೇಳುವುದು ಸುಮ್ಮನೆ ಅಲ್ಲ. ತೆರೆ ಏಳುವಾಗ ಬೋಟಿನ ತಳ ಮರಳಿಗೆ ತಾಗಿದರೆ ಬೋಟೇ ಮಗುಚುತ್ತದೆ. ಅದು ಜೀವದ ಪ್ರಶ್ನೆ.

4. ಗೋದಾಮುಗಳ ಗಲ್ಲಿ. ಇನ್ನು ಧಕ್ಕೆಯಿಂದ ಒಳಗೆ ಬನ್ನಿ. ಅಜೀಜುದ್ದೀನ್ ರಸ್ತೆ, ನೆಲ್ಲಿಕಾಯಿ ರಸ್ತೆ, ಗೂಡ್ಸ್‌ಶೆಡ್ ರಸ್ತೆಯ ಕಡೆಯ ಕಟ್ಟಡಗಳನ್ನು ತಲೆ ಎತ್ತಿ ನೋಡಿ. ಕೆಂಪು ಕಲ್ಲಿನ ದಪ್ಪ ಗೋಡೆ, ಎತ್ತರದ ಮಾಡು, ಹಂಚು. ಅಗಲ ಬಾಗಿಲು ಮಾಡಿದ್ದು ಮೂಟೆ ಹೊತ್ತವ ತಲೆ ತಗ್ಗಿಸದೆ ಒಳಗೆ ಹೋಗಲಿ ಅಂತ. ಮಾಡು ಎತ್ತರ ಇರುವುದು ಒಳಗೆ ಗಾಳಿ ಆಡಿ ಮೆಣಸು, ಗೇರುಬೀಜ, ಅಡಿಕೆಗೆ ಬೂಸ್ಟು ಹಿಡಿಯದಿರಲಿ ಅಂತ. ಸೆಖೆ ಮತ್ತು ಮಳೆ ಎರಡನ್ನೂ ತಿಳಿದವರು ಕಟ್ಟಿದ ಗೋದಾಮು ಇದು.

ಮೇಲಿರುವ ಹಂಚಿಗೂ ಒಂದು ಕತೆ ಉಂಟು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಜಾರ್ಜ್ ಪ್ಲೆಬ್‌ಸ್ಟ್ ಎಂಬ ಜರ್ಮನ್ ಮಿಷನರಿ ಇದರ ಹಿಂದಿದ್ದವರು. ನದಿ ದಡದ ಜೇಡಿಮಣ್ಣು, ಒಳನಾಡಿನಿಂದ ದೋಣಿಯಲ್ಲಿ ಬರುವ ಕಟ್ಟಿಗೆ, ಪಕ್ಕದಲ್ಲೇ ಬಂದರು. ಮೂರೂ ಒಂದೇ ಕಡೆ ಸಿಕ್ಕಿದ್ದರಿಂದ ‘ಮಂಗಳೂರು ಹಂಚು’ ಕಡಲಾಚೆಗೂ ಹೆಸರಾಯಿತು. ನಮ್ಮ ಹಳೇ ಮನೆಯ ಮಾಡಿನ ಹಂಚನ್ನು ತಿರುಗಿಸಿ ನೋಡಿ, ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತದೆ. ಅದೇ ಮಿಷನ್‌ನ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದ್ದೂ ಈ ಊರಿನಲ್ಲೇ.

5. ಬೆಲಿಯೆ ಪಳ್ಳಿ. ಬಂದರಿನ ಝೀನತ್ ಬಕ್ಷ್ ಜುಮಾ ಮಸೀದಿ. ಅರಬ್ ವ್ಯಾಪಾರಿಗಳೊಂದಿಗೆ ಬಂದ ಮಾಲಿಕ್ ದೀನಾರ್ ಬಳಗದವರು 7ನೇ ಶತಮಾನದಲ್ಲಿ ಕಟ್ಟಿಸಿದ್ದು ಎಂಬುದು ಇಲ್ಲಿನ ನಂಬಿಕೆ. 18ನೇ ಶತಮಾನದಲ್ಲಿ ಟಿಪ್ಪು ಸುಲ್ತಾನ್ ಜೀರ್ಣೋದ್ಧಾರ ಮಾಡಿಸಿದ, ಮಗಳ ಹೆಸರಿಟ್ಟ ಎಂದು ಹೇಳುತ್ತಾರೆ. ಒಳಗಿನ ಮರದ ಕೆತ್ತನೆ ನೋಡಲೇಬೇಕಾದ್ದು. ನಮ್ಮ ಗುತ್ತು ಮನೆ, ದೇವಸ್ಥಾನಗಳಲ್ಲಿ ಕಾಣುವ ಮರಗೆಲಸ ಬಲ್ಲವರಿಗೆ ಇದೂ ಅದೇ ಕರಾವಳಿಯ ಕೈಕೆಲಸ ಅಂತ ಕೂಡಲೇ ಗೊತ್ತಾಗುತ್ತದೆ.

6. ರೊಸಾರಿಯೊ ಮತ್ತು ರಥಬೀದಿ. ಪೋರ್ಚುಗೀಸರು 1568ರಲ್ಲಿ ಕಟ್ಟಿಸಿದ ಇಗರ್ಜಿಯ ಜಾಗದಲ್ಲಿ ಈಗಿನ ರೊಸಾರಿಯೊ ಕೆಥೆಡ್ರಲ್ ಇದೆ. ಈಗಿನ ಗುಮ್ಮಟದ ಕಟ್ಟಡ 20ನೇ ಶತಮಾನದ್ದು. ಪೋರ್ಚುಗೀಸರಿಗೆ ಈ ಕರಾವಳಿಯಿಂದ ಮುಖ್ಯವಾಗಿ ಬೇಕಿದ್ದದ್ದು ಮೆಣಸು ಮತ್ತು ಅಕ್ಕಿ. ಗೋವಾಕ್ಕೆ, ಅಲ್ಲಿಂದಾಚೆ ಮಸ್ಕತ್‌ವರೆಗೂ ನಮ್ಮ ಗದ್ದೆಯ ಅಕ್ಕಿ ಹೋಗಿದೆ.

ಕೊನೆಗೆ ಭವಂತಿ ಸ್ಟ್ರೀಟ್ ದಾಟಿ ರಥಬೀದಿಯ ವೆಂಕಟರಮಣ ದೇವಸ್ಥಾನದ ಎದುರು ನಡಿಗೆ ಮುಗಿಸಬಹುದು. ರಥಸಪ್ತಮಿಗೆ ಕೊಡಿಯಾಲ್ ತೇರು ಎಳೆಯುವುದು ಇಲ್ಲೇ. ಬಂದರಿನಲ್ಲಿ ದುಡಿದ ಹಣ ಬಡ್ಡಿ, ಹುಂಡಿ, ಫಂಡು ಅಂತ ಬೆಳೆದು ಬ್ಯಾಂಕ್ ಆದದ್ದೂ ಇದೇ ಜಿಲ್ಲೆಯ ಕತೆ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಶುರು ಮಾಡಿದ ಫಂಡೇ ಇಂದಿನ ಕೆನರಾ ಬ್ಯಾಂಕ್. 1924ರಲ್ಲಿ ಕರ್ಣಾಟಕ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್. ಮೊದಲನೆಯ ಎರಡು ಇನ್ನೂ ಅದೇ ಹೆಸರಿನಲ್ಲಿವೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿ ಸೇರಿಹೋಯಿತು.

ಇನ್ನೂ ಕಾಲಿಗೆ ಬಲ ಇದ್ದವರು ಆಟೋ ಹಿಡಿದು ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋಗಬಹುದು. ನದಿಯೊಳಗೆ ಬರುವ ಹಡಗುಗಳ ಮೇಲೆ ಕಣ್ಣಿಡಲು ಟಿಪ್ಪು 1784ರಲ್ಲಿ ಕಟ್ಟಿಸಿದ ಕಪ್ಪು ಕಲ್ಲಿನ ಬುರುಜು ಅದು. ಅಲ್ಲಿಂದ ತಣ್ಣೀರುಬಾವಿ ಕಡೆಗೆ ದೋಣಿಯೂ ಉಂಟು.

ಇಷ್ಟೆಲ್ಲ ಗೈಡು ಯಾಕೆ? ನಾವೇ ನೋಡಿದರೆ ಆಗದಾ?

ಆಗುತ್ತದೆ. ಆದರೆ ಬಂದರು ಕೋಟೆಯ ಹಾಗೆ ಅಲ್ಲ. ಟಿಕೆಟ್ ಇಲ್ಲ, ಫಲಕ ಇಲ್ಲ. ನೋಡಬೇಕಾದ್ದೆಲ್ಲ ಯಾರದೋ ಅಂಗಡಿಯ ಒಳಗೆ, ಯಾರದೋ ಗೋದಾಮಿನ ಮಾಡಿನಲ್ಲಿ ಇರುತ್ತದೆ. ಗೊತ್ತಿದ್ದವರು ಜೊತೆಗಿದ್ದರೆ ಬಾಗಿಲು ತೆರೆಯುತ್ತದೆ, ಇಲ್ಲದಿದ್ದರೆ "ಎಂತ ಬೇಕಿತ್ತು?" ಎಂಬ ಪ್ರಶ್ನೆ. ಗೈಡಿನ ನಿಜವಾದ ಕೆಲಸ ಇಸವಿ ಹೇಳುವುದಲ್ಲ, ಊರಿನವರಿಗೂ ಬಂದವರಿಗೂ ಮಾತು ಕೂಡಿಸುವುದು. ಗೈಡನ್ನು ಆರಿಸುವಾಗ ಮೂರು ಕೇಳಿ: ಗುಂಪಿನಲ್ಲಿ ಎಷ್ಟು ಜನ, ತುಳು ಅಥವಾ ಬ್ಯಾರಿ ಮಾತಾಡಲಿಕ್ಕೆ ಬರುತ್ತದಾ, ಅಂಗಡಿಯವರಿಗೆ ಮೊದಲೇ ಹೇಳಿಟ್ಟಿದ್ದೀರಾ. ಹದಿನೈದು ಜನ ದಾಟಿದರೆ ಗಲ್ಲಿಯಲ್ಲಿ ಹಿಂದಿನವರಿಗೆ ಏನೂ ಕೇಳಿಸುವುದಿಲ್ಲ.

ಅಂಗಡಿಯವರಿಗೆ ಏನು ಲಾಭ?

ನೇರವಾಗಿ ಹೇಳಬೇಕೆಂದರೆ, ಹೋಲ್‌ಸೇಲ್ ಮಂಡಿಯವರಿಗೆ ಕೈಗೆ ಬರುವ ಲಾಭ ಹೆಚ್ಚಿಲ್ಲ. ಕ್ವಿಂಟಾಲಿನಲ್ಲಿ ಮಾರುವವರ ಹತ್ತಿರ ಬಂದವರು ಕಾಲು ಕಿಲೋ ಮೆಣಸು ಕೇಳುತ್ತಾರೆ. ಲೋಡಿಂಗ್ ಹೊತ್ತಿನಲ್ಲಿ ಗುಂಪು ಅಡ್ಡ ನಿಂತರೆ ಕೂಲಿಯವರಿಗೆ ಕಷ್ಟ, ಲಾರಿಯವರಿಗೆ ಸಿಟ್ಟು. ತಲೆಯ ಮೇಲೆ ಐವತ್ತು ಕಿಲೋ ಹೊತ್ತವ ಸೆಲ್ಫಿ ಮುಗಿಯುವವರೆಗೆ ನಿಲ್ಲಬೇಕೆಂದರೆ ಅದು ನ್ಯಾಯ ಅಲ್ಲ. ಬಂದರು ಮೊದಲು ದುಡಿಯುವ ಜಾಗ, ಆಮೇಲೆ ನೋಡುವ ಜಾಗ.

ಆದರೂ ದಾರಿ ಇದೆ. ಮೆಣಸು, ಏಲಕ್ಕಿ, ಗೇರುಬೀಜವನ್ನು 100, 250 ಗ್ರಾಂ ಪೊಟ್ಟಣ ಮಾಡಿಟ್ಟರೆ ಬಂದವರು ಚೌಕಾಶಿ ಇಲ್ಲದೆ ಒಯ್ಯುತ್ತಾರೆ. ಚಾಯದ ಅಂಗಡಿ, ಬನ್ಸ್, ಗೋಳಿಬಜೆ ಮಾಡುವ ಹೋಟೆಲಿನವರಿಗೆ ಗುಂಪು ಬಂದರೆ ಅಂದಿನ ಬೆಳಗಿನ ವ್ಯಾಪಾರ ಆಯಿತು. ಶೌಚಾಲಯ ಬಳಸಲು ಬಿಡುವ ಒಂದು ಹೋಟೆಲು ದಾರಿಯಲ್ಲಿದ್ದರೆ ಹೆಂಗಸರು, ವಯಸ್ಸಾದವರು ಧೈರ್ಯದಿಂದ ಬರುತ್ತಾರೆ.

ಲಾಭಕ್ಕಿಂತ ದೊಡ್ಡದು ಉಳಿಯುವ ಪ್ರಶ್ನೆ. ಸಂರಕ್ಷಿತ ಸ್ಮಾರಕ ಎಂದು ಘೋಷಣೆಯಾದ ಕಟ್ಟಡಕ್ಕೆ ಕಾನೂನಿನ ರಕ್ಷಣೆ ಇರುತ್ತದೆ. ಸಾಮಾನ್ಯ ಗೋದಾಮಿಗೆ, ಹಂಚಿನ ಮಂಡಿಗೆ ಅದಿಲ್ಲ. ಮಾಡು ಸೋರಲು ಶುರುವಾದರೆ ಹಂಚು ಹಾಕುವ ಆಚಾರಿ ಸಿಗುವುದಿಲ್ಲ, ಹಂಚಿನ ಕಾರ್ಖಾನೆಗಳೂ ಒಂದೊಂದಾಗಿ ಮುಚ್ಚಿವೆ. ಶೀಟು ಹಾಕುವುದು ಸುಲಭ, ಕೆಡವಿ ಕಾಂಪ್ಲೆಕ್ಸ್ ಕಟ್ಟುವುದು ಇನ್ನೂ ಲಾಭ. ಮಾಲಕರನ್ನು ದೂರುವುದೂ ಸರಿಯಲ್ಲ, ಖರ್ಚು ಹಾಕುವವರು ಅವರೇ. ಇತ್ತ ಹೋಲ್‌ಸೇಲ್ ವ್ಯಾಪಾರವೂ ಮೆಲ್ಲ ಮೆಲ್ಲ ಹೊರವಲಯಕ್ಕೆ, ಬೈಕಂಪಾಡಿ ಕಡೆಗೆ ಸರಿಯುತ್ತಿದೆ. ಜನ ನೋಡಲಿಕ್ಕೆ ಬರುತ್ತಾರೆ, ಬೆಲೆ ಉಂಟು ಅಂತ ಗೊತ್ತಾದರೆ ಮಾತ್ರ ಒಂದೆರಡು ಕಟ್ಟಡ ಆದರೂ ಉಳಿಯಬಹುದು. ನಡಿಗೆಯಿಂದ ಆಗುವ ಉಪಕಾರ ಇದು.

ನಮ್ಮ ಪೇಟೆಗಳಲ್ಲೂ ಮಾಡಬಹುದು

ಪಾಣೆಮಂಗಳೂರು, ಬಂಟ್ವಾಳ ಹಳೇ ಪೇಟೆಯಲ್ಲೂ ಇಂಥ ನಡಿಗೆಗೆ ಬೇಕಾದ ಸಾಮಗ್ರಿ ಇದೆ. ಶಾಲೆಯ ಮೇಷ್ಟ್ರು ಒಬ್ಬರು, ಹಳೇ ವ್ಯಾಪಾರಿ ಒಬ್ಬರು ಸೇರಿದರೆ ಸಾಕು. ಅದಕ್ಕೆ ಮೊದಲು ಒಂದು ಕೆಲಸ ಎಲ್ಲ ಅಂಗಡಿಯವರೂ ಮಾಡಬಹುದು. ಅಜ್ಜನ ಕಾಲದ ರೋಕಡಿ ಪುಸ್ತಕ, ಬಂದರಿನ ಮಂಡಿಯ ಬಿಲ್ಲು, ಹಳೇ ಬೋರ್ಡು, ತಕ್ಕಡಿ ಇದ್ದರೆ ಗುಜರಿಗೆ ಹಾಕಬೇಡಿ. ಒಂದು ಫೋಟೋ ಆದರೂ ತೆಗೆದಿಡಿ. ಬೆನ್ ಯಿಜುವಿನ ಚೀಟಿ ಉಳಿದದ್ದರಿಂದಲೇ ಅಲ್ಲವೇ ನಮಗೆ ಬೊಮ್ಮನ ಹೆಸರು ಗೊತ್ತಾದದ್ದು?

ಹೋಗುವವರಿಗೆ ಕೆಲವು ಸೂಚನೆ

- ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಾರ್ಚ್ ನಂತರ ಒಂಬತ್ತು ಗಂಟೆಗೇ ಸೆಖೆ ತಡೆಯಲಿಕ್ಕಾಗದು.
- ದಕ್ಕೆಯಲ್ಲಿ ನೆಲ ಒದ್ದೆ, ಜಾರುತ್ತದೆ. ಹಿಡಿತ ಇರುವ ಹಳೇ ಚಪ್ಪಲಿ ಹಾಕಿ, ಹೊಸ ಶೂ ಬೇಡ.
- ಗೋದಾಮುಗಳನ್ನು ನೋಡಬೇಕಾದರೆ ಭಾನುವಾರ ಬಿಡಿ, ಹೆಚ್ಚಿನ ಅಂಗಡಿ ಬಾಗಿಲು ಹಾಕಿರುತ್ತದೆ. ಮಸೀದಿಗೆ ಶುಕ್ರವಾರ ಮಧ್ಯಾಹ್ನ ಹೋಗಬೇಡಿ, ಪ್ರಾರ್ಥನೆಯ ಹೊತ್ತು.
- ಮಸೀದಿ, ಇಗರ್ಜಿ, ದೇವಸ್ಥಾನ ಎಲ್ಲ ಕಡೆಯೂ ಒಳಗೆ ಹೋಗುವ ಮೊದಲು ಕೇಳಿ. ಮೈ ಮುಚ್ಚುವ ಬಟ್ಟೆ ಇರಲಿ.
- ಮೀನಿನವರ, ಕೂಲಿಯವರ ಫೋಟೋ ತೆಗೆಯುವ ಮೊದಲು ಒಂದು ಮಾತು ಕೇಳಿ. ಬೇಡ ಅಂದರೆ ಬಿಡಿ.
- ನೀರಿನ ಬಾಟಲಿ ಮನೆಯಿಂದಲೇ ತನ್ನಿ, ಖಾಲಿ ಬಾಟಲಿ ನದಿಗೆ ಎಸೆಯಬೇಡಿ.
- ಏನಾದರೂ ಕೊಂಡುಕೊಳ್ಳಿ. ಅರ್ಧ ಗಂಟೆ ಒಬ್ಬರ ಅಂಗಡಿ ಮೆಟ್ಟಿಲಲ್ಲಿ ನಿಂತು ಕತೆ ಕೇಳಿದ ಮೇಲೆ ಕಾಲು ಕಿಲೋ ಮೆಣಸಾದರೂ ಕೊಳ್ಳುವುದು ಮರ್ಯಾದೆ.